ಡಿಲೀಟ್ ಆದ ವಿಡಿಯೊ ಸಿಗುತ್ತದೆಯೇ?

ಮದುವೆ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೆ ಫೋನಿನ ಗೊಣಗಾಟ ಶುರುವಾಗುತ್ತದೆ: ‘ಸ್ಟೋರೇಜ್ ಫುಲ್’. ಸರಿ, ಗ್ಯಾಲರಿ ತೆರೆದು ಕ್ಲೀನ್ ಮಾಡೋಣವೆಂದು ಕೂತರೆ ಗುಡ್ ಮಾರ್ನಿಂಗ್ ಹೂವುಗಳು, ಯಾರೋ ಕಳಿಸಿದ ಪ್ರವಚನ, ಕೈ ಅಲುಗಾಡಿ ಕೆಟ್ಟ ಫೋಟೊಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದನ್ನೇ ಒತ್ತುತ್ತಾ ಹೋದ ಬೆರಳು ನಡುವೆ ಎಲ್ಲೋ ಅಜ್ಜಿ ಸೋಬಾನೆ ಹೇಳಿದ ವಿಡಿಯೊವನ್ನೂ ಒತ್ತಿರುತ್ತದೆ. ಅದು ಗೊತ್ತಾಗುವುದು ಎಷ್ಟೋ ದಿನದ ಮೇಲೆ, ‘ಆ ವಿಡಿಯೊ ಕಳಿಸೇ’ ಎಂದು ಯಾರಾದರೂ ಕೇಳಿದಾಗ.

ಆಮೇಲಿನ ಕಥೆ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ಮನೆಯ ಹುಡುಗರು ‘ಡಿಲೀಟೆಡ್ ವಿಡಿಯೊ ರಿಕವರಿ’ ಎಂದು ಹುಡುಕಿ, ಕಣ್ಣಿಗೆ ಬಿದ್ದ ಮೊದಲ ಆ್ಯಪ್ ಇಳಿಸಿಕೊಂಡು, ಅದು ಕೇಳಿದ ಅನುಮತಿಗೆಲ್ಲ ಹೂಂ ಅನ್ನುತ್ತಾರೆ. ವಿಡಿಯೊ ಸಿಗುವುದಿಲ್ಲ. ಯಾಕೆಂದರೆ ಈಗಿನ ಫೋನಿನ ಹೊಟ್ಟೆಯಿಂದ ಅಳಿಸಿದ ಕಡತವನ್ನು ಎತ್ತುವುದು ಹತ್ತು ವರ್ಷದ ಹಿಂದಿನಷ್ಟು ಸಲೀಸಲ್ಲ. ಬಹಳಷ್ಟು ಸಲ ಸಾಧ್ಯವೇ ಇಲ್ಲ. ಹಾಗಂತ ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ಅದೇ ವಿಡಿಯೊದ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿರುವ ಸಾಧ್ಯತೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಮೊದಲು ಬುಟ್ಟಿ ನೋಡಿ

ಡಿಲೀಟ್ ಒತ್ತಿದ ತಕ್ಷಣ ವಿಡಿಯೊ ಅಳಿಯುವುದಿಲ್ಲ, ಬುಟ್ಟಿಗೆ ಬೀಳುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಇದರ ಹೆಸರು ಬಿನ್ ಅಥವಾ ಟ್ರ್ಯಾಶ್. ಬ್ಯಾಕಪ್ ಆಗಿದ್ದ ವಿಡಿಯೊ ಅಲ್ಲಿ 60 ದಿನ ಇರುತ್ತದೆ, ಬ್ಯಾಕಪ್ ಆಗದೆ ಫೋನಿನಲ್ಲಷ್ಟೇ ಇದ್ದದ್ದು 30 ದಿನ. ಐಫೋನ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಎಂಬ ಆಲ್ಬಂ ಇದೆ, ಅಲ್ಲೂ 30 ದಿನದ ಗಡುವು. ಸ್ಯಾಮ್ಸಂಗ್ ಗ್ಯಾಲರಿಗೂ ಗೂಗಲ್‌ನ ಫೈಲ್ಸ್ ಆ್ಯಪ್‌ಗೂ ತಮ್ಮತಮ್ಮದೇ ಬುಟ್ಟಿಗಳಿವೆ.

ಒಂದೇ ಫೋನಿನಲ್ಲಿ ಎರಡು ಮೂರು ಬುಟ್ಟಿಗಳಿರಬಹುದು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗ್ಯಾಲರಿಯಿಂದ ಅಳಿಸಿದ್ದನ್ನು ಗೂಗಲ್ ಫೋಟೋಸ್‌ನ ಬುಟ್ಟಿಯಲ್ಲಿ ಹುಡುಕಿ, ಇಲ್ಲವೆಂದು ನಿರಾಶರಾಗುತ್ತಾರೆ. ಯಾವ ಆ್ಯಪ್‌ನಿಂದ ಅಳಿಸಿದಿರೋ ನೆನಪಿಲ್ಲದಿದ್ದರೆ ಎಲ್ಲ ಬುಟ್ಟಿಗಳನ್ನೂ ಒಮ್ಮೆ ತೆರೆದು ನೋಡಿ. ಫೋನಿಗೆ ಒಂದಕ್ಕಿಂತ ಹೆಚ್ಚು ಗೂಗಲ್ ಖಾತೆ ಜೋಡಿಸಿದ್ದರೆ ಪ್ರತಿ ಖಾತೆಯಲ್ಲೂ ನೋಡಿ. ಹಳೆಯ ಖಾತೆಗೆ ಬ್ಯಾಕಪ್ ಹೋಗಿ ಕೂತಿರುವುದು ಅಪರೂಪವೇನಲ್ಲ.

ಇಲ್ಲೇ ಇನ್ನೊಂದು ಗೊಂದಲವಿದೆ. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ ಫೋನಿನಲ್ಲಿರುವ ಪ್ರತಿ ಮಾತ್ರ ಹೋಗುತ್ತದೆ, ಕ್ಲೌಡ್‌ನಲ್ಲಿರುವುದು ಉಳಿಯುತ್ತದೆ. ಅದೇ ಆ್ಯಪ್‌ನಲ್ಲಿ ‘ಡಿಲೀಟ್’ ಒತ್ತಿದರೆ ಎರಡೂ ಹೋಗುತ್ತವೆ. ‘ಹೇಗೂ ಗೂಗಲ್‌ನಲ್ಲಿದೆಯಲ್ಲ’ ಎಂದು ಧೈರ್ಯವಾಗಿ ಡಿಲೀಟ್ ಒತ್ತಿ ಎರಡೂ ಕಡೆ ಕಳೆದುಕೊಂಡವರು ಬೇಕಾದಷ್ಟು ಜನ. ಐಕ್ಲೌಡ್ ಫೋಟೋಸ್ ಬಳಸುವವರಿಗೂ ಇದೇ ಮಾತು: ಒಂದು ಸಾಧನದಲ್ಲಿ ಅಳಿಸಿದರೆ ಆ ಖಾತೆಯ ಎಲ್ಲ ಸಾಧನಗಳಿಂದಲೂ ಅಳಿಯುತ್ತದೆ.

ಬುಟ್ಟಿಯೂ ಖಾಲಿಯಾದರೆ

ಬುಟ್ಟಿಯ ಗಡುವು ಮುಗಿದ ಮೇಲೆ ಒಳಗೇನಾಗುತ್ತದೆ ಎಂದು ತಿಳಿದರೆ ಅನೇಕ ಹುಸಿ ಆಸೆಗಳು ಕರಗುತ್ತವೆ, ಅವುಗಳ ಹಿಂದೆ ಹೋಗುವ ಹಣವೂ ಉಳಿಯುತ್ತದೆ.

ಹಳೆಯ ಕಂಪ್ಯೂಟರ್ ಹಾರ್ಡ್ ಡಿಸ್ಕ್‌ನಲ್ಲಿ ಕಡತ ಅಳಿಸುವುದೆಂದರೆ ಅದರ ವಿಳಾಸವನ್ನು ಪಟ್ಟಿಯಿಂದ ಹೊಡೆದುಹಾಕುವುದಷ್ಟೇ ಆಗಿತ್ತು. ಮಾಹಿತಿ ಇದ್ದಲ್ಲೇ ಇರುತ್ತಿತ್ತು. ಮೇಲೆ ಬೇರೇನೂ ಬರೆಯದಿದ್ದರೆ ತೆಗೆಯಬಹುದಿತ್ತು. ಫೋನಿನಲ್ಲಿರುವುದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ತೋಶಿಬಾದ ಎಂಜಿನಿಯರ್ ಫುಜಿಯೊ ಮಾಸುವೊಕಾ ರೂಪಿಸಿದ ಈ ಚಿಪ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ಮೊದಲು ಇಡೀ ಬ್ಲಾಕ್ ಅಳಿಸಬೇಕು, ಆಮೇಲೆ ಬರೆಯಬೇಕು. ಹಾಗಾಗಿ ಬೇಡವಾದ ಜಾಗವನ್ನು ಫೋನ್ ಮುಂಚಿತವಾಗಿಯೇ ತೆರವು ಮಾಡಿಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನ್‌ಗಳು ಈ ಕೆಲಸಕ್ಕೆ ಆರಿಸಿಕೊಳ್ಳುವ ಹೊತ್ತು, ನಾವು ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದ ಹೊತ್ತು.

ಇದಕ್ಕಿಂತ ದೊಡ್ಡ ಅಡ್ಡಿ ಗೂಢಲಿಪೀಕರಣ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನ್‌ಗಳಿಂದೀಚೆಗೆ ಪ್ರತಿ ಕಡತವನ್ನೂ ಪ್ರತ್ಯೇಕವಾಗಿ ಬೀಗ ಹಾಕಿ ಇಡುವುದು ಕಡ್ಡಾಯ. ಐಫೋನ್‌ಗಳಲ್ಲಿ ಈ ಪದ್ಧತಿ ಅದಕ್ಕೂ ಹಳೆಯದು. ಕಡತ ಹೋದಾಗ ಅದರ ಕೀಲಿಯೂ ಹೋಗುತ್ತದೆ. ಬೀರುವಿದೆ, ಒಳಗೆ ಸೀರೆಯೂ ಇರಬಹುದು. ಆದರೆ ಕೀಲಿಯನ್ನು ಕುಲುಮೆಗೆ ಹಾಕಿ ಕರಗಿಸಿಯಾಗಿದೆ. ಚಿಪ್ ಕಿತ್ತು ಲ್ಯಾಬ್‌ಗೆ ಕೊಟ್ಟರೂ ಸಿಗುವುದು ಅರ್ಥವಿಲ್ಲದ ಸೊನ್ನೆ–ಒಂದುಗಳ ರಾಶಿ.

ವಿಚಿತ್ರವೆಂದರೆ, ನೀರಿಗೆ ಬಿದ್ದು ಸತ್ತ ಫೋನಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬಹುದು. ಅಲ್ಲಿ ವಿಡಿಯೊ ಅಳಿದಿಲ್ಲ, ಫೋನ್ ಏಳುತ್ತಿಲ್ಲ ಅಷ್ಟೆ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಬೋರ್ಡ್ ರಿಪೇರಿ ಬಲ್ಲವರು ಅದನ್ನು ಒಂದು ಸಲ ಆನ್ ಮಾಡಿಕೊಟ್ಟರೆ, ನೀವು ಪಿನ್ ಒತ್ತಿ ಎಲ್ಲವನ್ನೂ ಕಾಪಿ ಮಾಡಿಕೊಳ್ಳಬಹುದು. ಚೆನ್ನಾಗಿ ನಡೆಯುತ್ತಿರುವ ಫೋನಿನಿಂದ ಪೂರ್ತಿ ಅಳಿಸಿದ ವಿಡಿಯೊವನ್ನು ತೆಗೆಯುವುದು ಅದೇ ನುರಿತ ಕೈಗಳಿಗೂ ಆಗದ ಕೆಲಸ.

ರಿಕವರಿ ಆ್ಯಪ್‌ಗಳ ಆಟ

ಹಾಗಾದರೆ ‘100 ಪರ್ಸೆಂಟ್ ರಿಕವರಿ’ ಎನ್ನುವ ಆ್ಯಪ್‌ಗಳು ತೋರಿಸುವುದೇನನ್ನು? ಆಂಡ್ರಾಯ್ಡ್ ಯಾವ ಸಾಮಾನ್ಯ ಆ್ಯಪ್‌ಗೂ ಮೆಮೊರಿಯ ಮೂಲ ಮಟ್ಟಕ್ಕೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ಇಂಥ ಆ್ಯಪ್‌ಗಳಲ್ಲಿ ಬಹುಪಾಲು ಮಾಡುವುದು ಇಷ್ಟೇ: ಫೋನಿನಲ್ಲಿ ಈಗಲೂ ಇರುವ ಚಿತ್ರಗಳನ್ನು, ಗ್ಯಾಲರಿ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ಚಿಕ್ಕ ಥಂಬ್‌ನೇಲ್‌ಗಳನ್ನು ಬಾಚಿ ತಂದು ‘ಇಷ್ಟು ಸಾವಿರ ಕಡತ ಸಿಕ್ಕಿವೆ’ ಎಂದು ಸಾಲಾಗಿ ಜೋಡಿಸುತ್ತವೆ. ‘ರಿಸ್ಟೋರ್’ ಒತ್ತಿದರೆ ದುಡ್ಡು ಕೇಳುತ್ತವೆ. ಕೊಟ್ಟವರಿಗೆ ಸಿಗುವುದು ಅಂಚೆಚೀಟಿ ಗಾತ್ರದ ಮಸುಕು ಚಿತ್ರ.

ಕೆಲವು ‘ಫೋನ್ ರೂಟ್ ಮಾಡಿ’ ಎನ್ನುತ್ತವೆ, ಅಂದರೆ ಆಂಡ್ರಾಯ್ಡ್ ಹಾಕಿರುವ ಕಟ್ಟುಪಾಡನ್ನು ಮುರಿಯಿರಿ ಎಂದು. ಇದು ಇನ್ನೂ ಅಪಾಯ. ರೂಟ್ ಮಾಡಲು ಸಾಮಾನ್ಯವಾಗಿ ಫೋನನ್ನು ಆರಂಭಿಸುವ ತಂತ್ರಾಂಶವಾದ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಅನ್‌ಲಾಕ್ ಮಾಡಿದಾಗ ಸುರಕ್ಷತೆಗಾಗಿ ಫೋನ್ ತನ್ನಲ್ಲಿರುವ ಎಲ್ಲವನ್ನೂ ಅಳಿಸಿಕೊಳ್ಳುತ್ತದೆ. ಒಂದು ವಿಡಿಯೊ ಹುಡುಕಲು ಹೋಗಿ ಇಡೀ ಗ್ಯಾಲರಿಯನ್ನೇ ಕಳೆದುಕೊಂಡಂತಾಗುತ್ತದೆ. ಇನ್ನು ಫೋನಿನಲ್ಲಿ ಮಾತಾಡುತ್ತಾ ‘ಸ್ಕ್ರೀನ್ ಶೇರ್ ಮಾಡಿ, ನಾವೇ ತೆಗೆದುಕೊಡುತ್ತೇವೆ’ ಎನ್ನುವವರ ಕಣ್ಣಿರುವುದು ನಿಮ್ಮ ಬ್ಯಾಂಕ್ ಖಾತೆಯ ಮೇಲೆ. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೆಮೊರಿ ಕಾರ್ಡ್ ಇದ್ದವರು ಅದೃಷ್ಟವಂತರು

ವಿಡಿಯೊ ಇದ್ದದ್ದು ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಾದರೆ ಮಾತೇ ಬೇರೆ. ಫೋನಿನ ಮೆಮೊರಿಯ ಭಾಗವಾಗಿ ಸೇರಿಸಿಕೊಳ್ಳದೆ, ಬರೀ ಹೆಚ್ಚುವರಿ ಜಾಗವಾಗಿ ಬಳಸಿದ ಕಾರ್ಡ್‌ಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ಅಲ್ಲಿ ಡಿಲೀಟ್ ಎಂದರೆ ಇಂದಿಗೂ ಹಳೆಯ ಕಾಲದ ಡಿಲೀಟ್: ಫ್ಯಾಟ್ ಮಾದರಿಯ ಕಾರ್ಡ್‌ನಲ್ಲಿ ಕಡತದ ಹೆಸರಿನ ಮೊದಲ ಅಕ್ಷರವನ್ನು ಬದಲಿಸಿ, ಆ ಜಾಗ ಖಾಲಿಯಿದೆ ಎಂದು ಗುರುತು ಮಾಡಲಾಗುತ್ತದೆ. ಒಳಗಿನ ದೃಶ್ಯ ಹಾಗೇ ಇರುತ್ತದೆ.

ಆದ್ದರಿಂದ ಗೊತ್ತಾದ ಕ್ಷಣವೇ ಕಾರ್ಡ್ ಹೊರತೆಗೆಯಿರಿ. ಒಂದು ಸೆಲ್ಫಿಯನ್ನೂ ತೆಗೆಯಬೇಡಿ. ಕಾರ್ಡ್ ರೀಡರ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ, ಫೋಟೊರೆಕ್‌ನಂಥ ತಂತ್ರಾಂಶ ಓಡಿಸಿ. ಫ್ರಾನ್ಸ್‌ನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಇದು ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಹೆಸರಿನ ಪಟ್ಟಿಯನ್ನು ನಂಬದೆ, ಕಾರ್ಡ್‌ನ ಮೂಲೆ ಮೂಲೆಯಲ್ಲೂ ಫೋಟೊ, ವಿಡಿಯೊಗಳ ಆರಂಭದ ಗುರುತು ಹುಡುಕುವುದು ಅದರ ವಿಧಾನ. ಸಿಕ್ಕ ಕಡತಗಳಿಗೆ ಮೂಲ ಹೆಸರು ಇರುವುದಿಲ್ಲ, ತೆರೆದು ನೋಡಿಯೇ ಗುರುತಿಸಬೇಕು. ಅವನ್ನು ಕಂಪ್ಯೂಟರ್‌ನಲ್ಲಿ ಉಳಿಸಿ. ಅದೇ ಕಾರ್ಡ್‌ಗೆ ಉಳಿಸಿದರೆ ಇನ್ನೂ ಸಿಗಬೇಕಾದದ್ದರ ಮೇಲೆ ಮಣ್ಣು ಹಾಕಿದಂತೆ.

ಸಿಕ್ಕ ವಿಡಿಯೊ ಕೆಲವೊಮ್ಮೆ ಓಡುವುದಿಲ್ಲ. ಎಂಪಿ4 ಕಡತದಲ್ಲಿ ಎರಡು ಮುಖ್ಯ ಭಾಗಗಳಿವೆ: ದೃಶ್ಯ–ಧ್ವನಿ ತುಂಬಿದ ‘ಎಂಡ್ಯಾಟ್’, ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ ಸೂಚಿ ‘ಮೂವ್’. ಫೋನ್‌ಗಳು ಸಾಮಾನ್ಯವಾಗಿ ಈ ಸೂಚಿಯನ್ನು ಕೊನೆಗೆ, ನಾವು ಸ್ಟಾಪ್ ಒತ್ತಿದಾಗ ಬರೆಯುತ್ತವೆ. ರೆಕಾರ್ಡಿಂಗ್ ನಡುವೆ ಬ್ಯಾಟರಿ ಸತ್ತರೆ ಕಡತದ ಗಾತ್ರ ನೂರಾರು ಎಂಬಿ ತೋರಿಸಿದರೂ ಪ್ಲೇ ಆಗದಿರುವುದು ಇದೇ ಕಾರಣಕ್ಕೆ. ಇದಕ್ಕೂ ದಾರಿಯಿದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಾದ ವಿಡಿಯೊ ಒಂದನ್ನು ಮಾದರಿಯಾಗಿ ಕೊಟ್ಟರೆ ‘ಅನ್‌ಟ್ರಂಕ್’ ಎಂಬ ತಂತ್ರಾಂಶ ಸೂಚಿಯನ್ನು ಹೊಸದಾಗಿ ಕಟ್ಟಲು ಯತ್ನಿಸುತ್ತದೆ. ಮದುವೆ ಶೂಟಿಂಗ್ ಮಾಡುವವರು ಇದನ್ನು ತಿಳಿದಿಟ್ಟುಕೊಂಡರೆ ಒಳ್ಳೆಯದು.

ವಿಡಿಯೊ ಹೋದ ದಾರಿ ಹಿಡಿಯಿರಿ

ಕಾರ್ಡ್ ಇಲ್ಲ, ಬುಟ್ಟಿಯೂ ಖಾಲಿ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ: ‘ಈ ವಿಡಿಯೊವನ್ನು ನಾನು ಯಾರಿಗೆ ಕಳಿಸಿದ್ದೆ?’

ಉತ್ತರ ಬಹುಪಾಲು ವಾಟ್ಸ್‌ಆ್ಯಪ್‌ನಲ್ಲಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಫೈಲ್ ಮ್ಯಾನೇಜರ್ ತೆರೆದು ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ, ಅಲ್ಲಿಂದ ವಾಟ್ಸ್‌ಆ್ಯಪ್‌ನ ಫೋಲ್ಡರ್, ಮತ್ತೆ ಮೀಡಿಯಾ, ‘ವಾಟ್ಸ್‌ಆ್ಯಪ್ ವಿಡಿಯೊ’, ಕೊನೆಗೆ ‘ಸೆಂಟ್’ – ಹೀಗೆ ಇಳಿಯಿರಿ. ನೀವು ಕಳಿಸಿದ ವಿಡಿಯೊಗಳ ಕುಗ್ಗಿಸಿದ ಪ್ರತಿಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಕಡತದ ಹೆಸರೇ ಸುಳಿವು: ‘ವಿಐಡಿ-20240512-ಡಬ್ಲ್ಯುಎ0007’ ಎಂದಿದ್ದರೆ ಅದು 2024ರ ಮೇ 12ರದ್ದು. ಸಮಾರಂಭದ ದಿನಾಂಕ ಗೊತ್ತಿದ್ದರೆ ನೂರಾರು ಕಡತಗಳ ನಡುವೆಯೂ ಬೇಗ ಸಿಗುತ್ತದೆ.

ಅಲ್ಲೂ ಇಲ್ಲವೆಂದರೆ ಫ್ಯಾಮಿಲಿ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿ. ದಾವಣಗೆರೆಯ ಅತ್ತೆಯ ಫೋನಿನಲ್ಲೋ ದುಬೈನಲ್ಲಿರುವ ಭಾವನ ಫೋನಿನಲ್ಲೋ ಅದು ಇದ್ದೀತು. ಏನನ್ನೂ ಡಿಲೀಟ್ ಮಾಡದೆ ಇಟ್ಟುಕೊಳ್ಳುವ, ನಾವು ಗೇಲಿ ಮಾಡುವ ಹಿರಿಯರೇ ಇಂಥ ಹೊತ್ತಿನಲ್ಲಿ ಆಪದ್ಬಾಂಧವರು. ಇನ್‌ಸ್ಟಾಗ್ರಾಂಗೆ ಸ್ಟೋರಿ ಹಾಕಿದ್ದರೆ ಆರ್ಕೈವ್ ನೋಡಿ. ಟೆಲಿಗ್ರಾಂನಲ್ಲಿ ಕಳಿಸಿದ್ದರೆ ಚಾಟ್ ಕ್ಲೌಡ್‌ನಲ್ಲೇ ಇರುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಹಾಡು ಸೇರಿಸಿದ್ದರೆ ಅದು ಉಳಿಸಿದ ಪ್ರತಿ ಬೇರೊಂದು ಫೋಲ್ಡರ್‌ನಲ್ಲಿರುತ್ತದೆ. ಬದಲಿಸಿ ಮೂಲೆಗಿಟ್ಟ ಹಳೆಯ ಫೋನನ್ನೂ ಒಮ್ಮೆ ಚಾರ್ಜ್ ಮಾಡಿ ನೋಡಿ.

ಹೀಗೆ ಹೊರಗೆ ಹೋದ ಪ್ರತಿಯೇ ಉಳಿಸಿದ ದೊಡ್ಡ ನಿದರ್ಶನಗಳಿವೆ. 1960–70ರ ದಶಕಗಳಲ್ಲಿ ಬಿಬಿಸಿ ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪ್ ಅಳಿಸಿ ಮರುಬಳಕೆ ಮಾಡಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಕಂತುಗಳೂ ಹಾಗೆ ಹೋದವು. ಆದರೆ ಪ್ರಸಾರಕ್ಕೆಂದು ವಿದೇಶಗಳಿಗೆ ಕಳಿಸಿದ್ದ ಪ್ರತಿಗಳಲ್ಲಿ ಕೆಲವು ಉಳಿದಿದ್ದವು. ಕಳೆದುಹೋಗಿದ್ದ ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಿತ್ತು. ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ಗೆ ಆ ಭಾಗ್ಯವಿರಲಿಲ್ಲ. ಅದರ ಪ್ರಿಂಟ್ ಎಲ್ಲೂ ಉಳಿದಿಲ್ಲ.

ಪೊಲೀಸರಿಗೆ ಸಿಗುತ್ತದಲ್ಲ?

‘ಡಿಲೀಟ್ ಮಾಡಿದ್ದ ವಿಡಿಯೊ ರಿಟ್ರೀವ್’ ಎಂಬ ಸುದ್ದಿ ಟಿವಿಯಲ್ಲಿ ಆಗಾಗ ಬರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳ ಬಳಿ ದುಬಾರಿ ಉಪಕರಣಗಳಿವೆ ನಿಜ. ಆದರೆ ಅವರಿಗೆ ನೆರವಾಗುವುದರಲ್ಲಿ ದೊಡ್ಡ ಪಾಲು ಕ್ಲೌಡ್ ಬ್ಯಾಕಪ್, ಎದುರಿನವರ ಫೋನ್, ಆ್ಯಪ್‌ನ ದತ್ತಾಂಶದಲ್ಲಿ ಉಳಿದ ಚೂರುಗಳು, ಥಂಬ್‌ನೇಲ್‌ಗಳು. ಅವರೂ ಹಿಡಿಯುವುದು ಪ್ರತಿಗಳ ಜಾಡನ್ನೇ.

ಅಳಿಸಿದ್ದು ಅಪಘಾತದ್ದೋ ಹಲ್ಲೆಯದ್ದೋ ದೃಶ್ಯವಾಗಿದ್ದು ಸಾಕ್ಷ್ಯವಾಗುವಂತಿದ್ದರೆ ಸ್ವಂತ ಪ್ರಯೋಗ ಬೇಡ. ಫೋನನ್ನು ಹಾಗೇ ತನಿಖಾಧಿಕಾರಿಗೆ ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವೂ ಬೇಕು. ಮೂಲ ಸಾಧನವನ್ನು ಕೆದಕಿದಷ್ಟೂ ವಾದಕ್ಕೆ ಎಡೆ ಹೆಚ್ಚು.

ಇಂದೇ ಮಾಡಬೇಕಾದ ಕೆಲಸ

‘ಬ್ಯಾಕಪ್ ಆನ್ ಇದೆ’ ಎಂದು ನಿಶ್ಚಿಂತರಾಗಿರುವವರೂ ಒಮ್ಮೆ ಸೆಟ್ಟಿಂಗ್ಸ್ ತೆರೆದು ನೋಡುವುದು ಒಳ್ಳೆಯದು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಏರಿಸಿದ್ದೆಲ್ಲ ಖಾತೆಯ 15 ಜಿಬಿ ಉಚಿತ ಮಿತಿಯ ಲೆಕ್ಕಕ್ಕೆ ಬರುತ್ತದೆ. ಐಕ್ಲೌಡ್‌ನ ಉಚಿತ ಪಾಲು 5 ಜಿಬಿ ಮಾತ್ರ. ಐಫೋನ್‌ನಲ್ಲಿ 4ಕೆ ವಿಡಿಯೊದ ಒಂದು ನಿಮಿಷವೇ ಸುಮಾರು 170 ಎಂಬಿ ನುಂಗಿದರೆ, ಆ 5 ಜಿಬಿ ಅರ್ಧ ಗಂಟೆಯ ಚಿತ್ರೀಕರಣಕ್ಕೆ ಮುಗಿಯಿತು. ಜಾಗ ತುಂಬಿದ ದಿನವೇ ಬ್ಯಾಕಪ್ ನಿಂತಿರುತ್ತದೆ. ಅಲ್ಲದೆ ವಾಟ್ಸ್‌ಆ್ಯಪ್ ಫೋಲ್ಡರ್ ತಾನಾಗಿ ಗೂಗಲ್ ಫೋಟೋಸ್‌ಗೆ ಹೋಗುವುದಿಲ್ಲ, ನಾವೇ ಆರಿಸಬೇಕು. ಗೂಗಲ್ ಫೋಟೋಸ್‌ನ ‘ಲಾಕ್ಡ್ ಫೋಲ್ಡರ್’ನಲ್ಲಿ ಬ್ಯಾಕಪ್ ಇಲ್ಲದೆ ಬಚ್ಚಿಟ್ಟ ವಿಡಿಯೊಗಳು ಆ ಆ್ಯಪ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗಿಬಿಡುತ್ತವೆ.

ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚುರಪಡಿಸಿದ 3-2-1 ಸೂತ್ರ ವೃತ್ತಿಪರರಿಗೆಲ್ಲ ಬಾಯಿಪಾಠ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಮನೆಮಂದಿಗೆ ಇದು ಅತಿಯಾಯಿತು ಅನ್ನಿಸಿದರೆ ಇಷ್ಟಾದರೂ ಮಾಡಿ. ಮತ್ತೆ ಸಿಗದಂಥ ವಿಡಿಯೊಗಳನ್ನು, ಅಂದರೆ ಹಿರಿಯರ ದನಿ, ಮಗುವಿನ ಮೊದಲ ಹೆಜ್ಜೆ, ಮನೆಯ ಶುಭಕಾರ್ಯಗಳನ್ನು ಒಂದು ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕ್‌ಗೋ ಹಾಕಿಡಿ. ಜೊತೆಗೆ ಬೇರೆ ಊರಿನ ಒಬ್ಬ ಆಪ್ತರಿಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸುವ ಬದಲು ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿಬಿವರೆಗಿನ ಕಡತ ಗುಣಮಟ್ಟ ಕುಗ್ಗದೆ ತಲುಪುತ್ತದೆ. ಮುಂದಿನ ಸಲ ‘ಸ್ಟೋರೇಜ್ ಫುಲ್’ ಎಂದು ಫೋನ್ ಕೂಗಿದಾಗ ಮೊದಲು ಈ ಕೆಲಸ ಮುಗಿಸಿ, ಆಮೇಲೆ ಡಿಲೀಟ್ ಒತ್ತಿ.