ಬೇಳೆ ಹಸನು ಮಾಡುವ ಗೆರೆಗಣ್ಣು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ ಬೆಳೆದ ತೊಗರಿ ಮಿಲ್ಲು ಹೊಕ್ಕು ಬೇಳೆಯಾದ ಮೇಲೆ ಅದಕ್ಕೊಂದು ಪರೀಕ್ಷೆ ಕಾದಿರುತ್ತದೆ. ಹಿಂದೆ ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಹಸನು ಮಾಡುತ್ತಿದ್ದ ಕೆಲಸವನ್ನು ಈಗ ದೊಡ್ಡ ಮಿಲ್ಲುಗಳಲ್ಲಿ ಬಣ್ಣ ನೋಡಿ ಆರಿಸುವ ಯಂತ್ರ ಮಾಡುತ್ತದೆ. ಅಂಗಡಿಯಲ್ಲಿ ‘ಸಾರ್ಟೆಕ್ಸ್ ಬೇಳೆ’ ಎಂದು ಕೊಡುತ್ತಾರಲ್ಲ, ಅದು ಇಂಥ ಯಂತ್ರದ ಕಣ್ಣೆದುರು ಹಾದು ಬಂದದ್ದು. (ಸಾರ್ಟೆಕ್ಸ್ ಎಂಬುದು ಯಂತ್ರದ ಒಂದು ಬ್ರಾಂಡು, ನಮ್ಮ ಪೇಟೆಯಲ್ಲಿ ಅದು ಬೇಳೆಯ ಜಾತಿಯೇ ಆಗಿಹೋಗಿದೆ!)

ಈ ಯಂತ್ರದ ಕಣ್ಣು ನಮ್ಮ ನಿಮ್ಮ ಕ್ಯಾಮೆರಾದಂಥದಲ್ಲ. ಅದು ಇಡೀ ಚಿತ್ರವನ್ನು ಒಮ್ಮೆಗೇ ತೆಗೆಯುವುದಿಲ್ಲ. ಅದರಲ್ಲಿ ಬೆಳಕು ಗ್ರಹಿಸುವ ಬಿಂದುಗಳು ಒಂದೇ ಸಾಲಿನಲ್ಲಿರುತ್ತವೆ, ಸಾವಿರಾರು. ಇಳಿಜಾರು ತಗಡಿನ ಮೇಲೆ ಜಾರಿ ಬೀಳುವ ಬೇಳೆಯನ್ನು ಅದು ಗೆರೆ ಗೆರೆಯಾಗಿ ನೋಡುತ್ತದೆ. ಬೇಳೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತಿದೆ ಎನ್ನಿ. ಕಾಲು ಮಿಲಿಮೀಟರಿಗೆ ಒಂದು ಗೆರೆ ಬೇಕಾದರೆ ಸೆಕೆಂಡಿಗೆ 12,000 ಗೆರೆ ತೆಗೆಯಬೇಕು! ಕರಿ ಕಾಳು ಕಂಡ ಕೂಡಲೇ ಕೆಳಗಿನ ನಳಿಕೆಯಿಂದ ಗಾಳಿ ಚಿಮ್ಮಿ ಅದನ್ನು ಹೊರಗೆ ಹಾರಿಸುತ್ತದೆ.

ತೊಡಕು ಇರುವುದು ಕಣ್ಣಿನಲ್ಲೇ. ದೀಪದ ಬೆಳಕು ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಮಸೂರ ಕೂಡ ಅಂಚಿನಲ್ಲಿ ಸ್ವಲ್ಪ ಮಬ್ಬು. ಸಾಲದ್ದಕ್ಕೆ, ಒಂದೇ ಚಿಪ್ಪಿನ ಮೇಲೆ ಕೂತ ಬಿಂದುಗಳೂ ಒಂದರಂತೆ ಒಂದಿಲ್ಲ. ಒಂದು ಚುರುಕು, ಒಂದು ಮಂದ. ಕತ್ತಲಲ್ಲೂ ಪ್ರತಿ ಬಿಂದು ಒಂದಿಷ್ಟು ಸುಳ್ಳು ಸಂಕೇತ ಕೊಡುತ್ತದೆ; ಯಂತ್ರ ಬಿಸಿಯಾದಷ್ಟೂ ಅದು ಹೆಚ್ಚುತ್ತದೆ. ಕಾಗದ ತಾನಾಗಿ ಒಳಸರಿಯುವ ಜೆರಾಕ್ಸ್ ಯಂತ್ರದಿಂದ ಬಂದ ನೋಟ್ಸಿನಲ್ಲಿ ಮೇಲಿನಿಂದ ಕೆಳತನಕ ಸಣ್ಣದೊಂದು ಕರಿಗೆರೆ ನೀವು ಕಂಡಿರಬಹುದು. ಗಾಜಿನ ಮೇಲೆ ಒಂದೇ ಕಡೆ ಕೂತ ಧೂಳಿನ ಕಣ ಮಾಡಿದ ಕೆಲಸ ಅದು. ಗೆರೆ ಕ್ಯಾಮೆರಾದಲ್ಲೂ ಹಾಗೆಯೇ. ಒಂದು ಬಿಂದು ತಪ್ಪಿದರೆ ಚಿತ್ರದುದ್ದಕ್ಕೂ ಪಟ್ಟೆ.

ಇದನ್ನು ಸರಿಪಡಿಸುವ ಲೆಕ್ಕ ಹತ್ತನೇ ತರಗತಿಯವರಿಗೆ ಸುಲಿದ ಬಾಳೆಹಣ್ಣು. ಮೊದಲು ಮಸೂರದ ಬಾಯಿ ಮುಚ್ಚಿ ಪ್ರತಿ ಬಿಂದುವಿನ ‘ಕತ್ತಲೆ ಅಂಕಿ’ ಬರೆದುಕೊಳ್ಳಬೇಕು. ಆಮೇಲೆ ಹೊಳಪಿಲ್ಲದ ಬಿಳಿ ಹಲಗೆ ತೋರಿಸಿ ‘ಬಿಳಿ ಅಂಕಿ’. ಒಂದೇ ಗೆರೆಯನ್ನು ನಂಬದೆ ನೂರಾರು ಗೆರೆಗಳ ಸರಾಸರಿ ಹಿಡಿಯುತ್ತಾರೆ.

ನಡುವಿನ ಬಿಂದುವಿಗೆ ಕತ್ತಲೆ 6, ಬಿಳಿ 206 ಬಂತು ಎನ್ನೋಣ. ಅಂಚಿನದಕ್ಕೆ 10 ಮತ್ತು 170. ಬಿಳಿ ಹಲಗೆ ಎಲ್ಲ ಕಡೆ 200 ಎಂದೇ ಕಾಣಬೇಕು. ನಡುವಿನದು 206ರಲ್ಲಿ 6 ಕಳೆದರೆ 200, ಗುಣಕ 1. ಅಂಚಿನದು 170ರಲ್ಲಿ 10 ಕಳೆದರೆ 160. 200 ಆಗಲು ಗುಣಕ 1.25. ಈಗ ಒಂದೇ ಬಗೆಯ ಎರಡು ಬೇಳೆ ಬಿದ್ದವು. ನಡುವಿನ ಬಿಂದು 106 ಎಂದಿತು, ಅಂಚಿನದು 90. ‘95ಕ್ಕಿಂತ ಕಡಿಮೆ ಇದ್ದದ್ದನ್ನು ಹಾರಿಸು’ ಎಂದು ಯಂತ್ರಕ್ಕೆ ಹೇಳಿದ್ದರೆ ಅಂಚಿನ ಒಳ್ಳೆಯ ಬೇಳೆ ಕಸದ ಪಾಲು! ಲೆಕ್ಕ ಹಾಕಿ: 106ರಲ್ಲಿ 6 ಹೋದರೆ 100. 90ರಲ್ಲಿ 10 ಹೋಗಿ 80, ಅದು 1.25ರಿಂದ ಗುಣಿಸಿದರೆ 100. ಸರಳರೇಖೆಯ ಸಮೀಕರಣ ಎಂದು ನೀವು ಕಲಿಯುವುದು ಇದನ್ನೇ. ಪ್ರತಿ ಬಿಂದುವಿಗೂ ಅದರದೇ ಒಂದು ರೇಖೆ.

ಆದರೆ ಗುಣಾಕಾರ ಎಲ್ಲಕ್ಕೂ ಮದ್ದಲ್ಲ. ಬೆಳಕು ಅತಿಯಾಗಿ, ಬಿಂದು ತನ್ನ ಮಿತಿಯಾದ 255ಕ್ಕೆ ಮುಟ್ಟಿ ನಿಂತರೆ ಅದರಾಚೆ ಏನಿತ್ತೋ ಯಾವ ಸೂತ್ರವೂ ಹೇಳದು. ಅಂಚಿನಲ್ಲಿ ಬೆಳಕು ತೀರ ಕಡಿಮೆಯಿದ್ದು ಗುಣಕ ಮೂರು ನಾಲ್ಕಕ್ಕೆ ಏರಿದರೆ ಚಿತ್ರದ ಜೊತೆ ಗೊಂದಲವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಆದ್ದರಿಂದ ಮೊದಲು ಗಾಜು ಒರೆಸಿ, ದೀಪ ಉರಿಸಿ ಹದಕ್ಕೆ ಬರಲು ಬಿಟ್ಟು, ಬೆಳಕು ಆದಷ್ಟು ಸಮ ಮಾಡಿಕೊಂಡೇ ಅಳತೆಗೆ ಕೂರಬೇಕು. ಬಿಳಿ ಹಲಗೆಯಲ್ಲೇ ಕಲೆಯಿದ್ದರಂತೂ ಆ ಕಲೆಯನ್ನೂ ಯಂತ್ರ ಸತ್ಯವೆಂದು ಕಲಿತುಬಿಡುತ್ತದೆ. ದೀಪ ಬದಲಾಯಿಸಿದರೆ, ಕ್ಯಾಮೆರಾ ಒಂದಿಷ್ಟು ಸರಿದರೆ, ಮತ್ತೆ ಮೊದಲಿನಿಂದ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಮಾಡಬಲ್ಲ ಕೆಲಸ ಇದು, ಬೇಕಾದದ್ದು ತಾಳ್ಮೆ.

ಇದೇ ಬಗೆಯ ಗೆರೆಗಣ್ಣು ಇದೇ ಹೊಲಗಳನ್ನು ಆಕಾಶದಿಂದಲೂ ನೋಡಿದೆ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿದ ಇಸ್ರೊದ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾದಲ್ಲಿ ಒಂದು ಸಾಲಿಗೆ 2048 ಬಿಂದುಗಳಿದ್ದವು. ಸುಮಾರು 904 ಕಿಲೋಮೀಟರ್ ಎತ್ತರದಿಂದ ಒಂದೊಂದು ಬಿಂದುವೂ ನೆಲದ 72.5 ಮೀಟರ್ ನೋಡುತ್ತಿತ್ತು. ಗುಣಿಸಿ ನೋಡಿ, 148 ಕಿಲೋಮೀಟರ್ ಅಗಲ! ಬೇಳೆ ಜಾರುವ ಬದಲು ಇಲ್ಲಿ ಉಪಗ್ರಹವೇ ಓಡುತ್ತದೆ, ಅಷ್ಟೇ. ಬಿಂದುಗಳ ಹೆಚ್ಚುಕಡಿಮೆ ತಿದ್ದದಿದ್ದರೆ ಬಾಗೇವಾಡಿಯ ಜೋಳದ ಹೊಲದ ಮೇಲೆ ಪಟ್ಟೆ ಮೂಡಿ, ಪೈರು ಒಣಗಿದೆಯೋ ಕ್ಯಾಮೆರಾ ತಪ್ಪಿದೆಯೋ ತಿಳಿಯುತ್ತಿರಲಿಲ್ಲ. ಉಡಾವಣೆಗೆ ಮುನ್ನ ನೆಲದ ಮೇಲೆ ಅಳತೆ ಮಾಡಬಹುದು. ಮೇಲೆ ಹೋದ ಮೇಲೆ ಬಿಳಿ ಹಲಗೆ ಹಿಡಿಯುವವರು ಯಾರು? ಅದಕ್ಕೆಂದೇ ಕ್ಯಾಮೆರಾದೊಳಗೆ ಸಣ್ಣ ಎಲ್‌ಇಡಿ ದೀಪಗಳನ್ನಿಟ್ಟು ಕಳಿಸಿದ್ದರು. ಅವು ಹೊತ್ತಿದಾಗ ಬಂದ ಅಂಕಿಗಳನ್ನು ನೋಡಿ, ಯಾವ ಬಿಂದು ಮಂಕಾಗುತ್ತಿದೆ ಎಂದು ಇಲ್ಲಿ ಕೆಳಗೆ ಕೂತವರು ಲೆಕ್ಕ ಹಾಕುತ್ತಿದ್ದರು.