ಗಾಡ್ಜಿಲ್ಲಾಗೆ ಎತ್ತರ ಕೊಟ್ಟ ಪುಟ್ಟ ಕಟ್ಟಡಗಳು

1954ರ ಜಪಾನಿ ಚಿತ್ರದಲ್ಲಿ ಟೋಕಿಯೋವನ್ನು ತುಳಿದುಹಾಕಿದ ಗಾಡ್ಜಿಲ್ಲಾ 50 ಮೀಟರ್ ಎತ್ತರದ ಪ್ರಾಣಿ. ಸ್ಟುಡಿಯೋದೊಳಗೆ ಅದು ಭಾರದ ಉಡುಪು ತೊಟ್ಟು ಬೆವರುತ್ತಿದ್ದ ಹರುವೊ ನಕಾಜಿಮಾ ಎಂಬ ನಟ. ಉಡುಪಿನ ಎತ್ತರ ಸುಮಾರು ಎರಡು ಮೀಟರ್. ಉಳಿದ 48 ಮೀಟರ್ ಸೇರಿಸಿದ್ದು ಸುತ್ತಲಿನ ಪುಟ್ಟ ಕಟ್ಟಡಗಳು.

ಚಿತ್ರದ ವಿಶೇಷ ಪರಿಣಾಮಗಳ ಹೊಣೆ ಹೊತ್ತಿದ್ದ ಎಯ್ಜಿ ತ್ಸುಬುರಾಯಾ ಅವರ ತಂಡ ಆ ಊರನ್ನು 25ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿತ್ತು. ತೊಡಕಾದದ್ದು ಸಂಸತ್ ಭವನ. ಅದರ ಗೋಪುರವೇ 65 ಮೀಟರ್. ಲೆಕ್ಕದಂತೆ ಕಟ್ಟಿದರೆ ರಾಕ್ಷಸನೇ ಅದರ ಮುಂದೆ ಕುಳ್ಳ! ಆದ್ದರಿಂದ ಆ ಒಂದು ಕಟ್ಟಡವನ್ನು ಮಾತ್ರ 33ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರು. ನನಗಂತೂ ಇಡೀ ಚಿತ್ರದ ಅತಿ ಜಾಣ ಸುಳ್ಳು ಇದೇ.

ಗಾತ್ರ ಇಳಿಸಿದರೆ ಸಾಲದು, ಕಾಲವನ್ನೂ ಹಿಗ್ಗಿಸಬೇಕು. 50 ಮೀಟರ್ ಮೇಲಿಂದ ಬಿದ್ದ ಇಟ್ಟಿಗೆ ನೆಲ ಮುಟ್ಟಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಎರಡು ಮೀಟರ್ ಮೇಲಿಂದಾದರೆ ಮುಕ್ಕಾಲು ಸೆಕೆಂಡೂ ಬೇಡ. ಬೀಳುವ ಹೊತ್ತು ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 25ರ ವರ್ಗಮೂಲ 5. ಹಾಗಾಗಿ ಸೆಕೆಂಡಿಗೆ 24 ಚೌಕಟ್ಟುಗಳ ಬದಲು 120 ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿದರೆ ಕುಸಿತಕ್ಕೆ ತಕ್ಕ ಗಾಂಭೀರ್ಯ ಬರುತ್ತದೆ. ನೀರು ಮಾತ್ರ ಈ ಲೆಕ್ಕಕ್ಕೆ ಬಗ್ಗದು. ಹನಿಯ ಗಾತ್ರವನ್ನು ಮೇಲ್ಮೈ ಸೆಳೆತ ನಿರ್ಧರಿಸುವುದರಿಂದ, ಆಟಿಕೆ ಹಡಗಿನ ಪಕ್ಕದಲ್ಲಿ ಹನಿಗಳು ಕುಂಬಳಕಾಯಿಯಂತೆ ಕಾಣುತ್ತವೆ.

ಈಗ ಮೇಜಿನ ಮೇಲೆ ಬೊಂಬೆ ಜೋಡಿಸಿ ಫೋಟೋ ತೆಗೆಯುವವರ ವಿಷಯ. ಜಪಾನಿನ ಆಟಿಕೆ ರೈಲುಗಳ ಜೊತೆಗೆ ಸಿಗುವ ಮನೆ, ಅಂಗಡಿಗಳು ಸಾಮಾನ್ಯವಾಗಿ 150ರಲ್ಲಿ ಒಂದು ಪಾಲಿನವು. ಹಳೆಯ ಗಾಡ್ಜಿಲ್ಲಾ ಅಲ್ಲಿ ಸುಮಾರು 33 ಸೆಂಟಿಮೀಟರ್ ಇರಬೇಕು. ನಿಮ್ಮದು 15 ಸೆಂಟಿಮೀಟರಿನ ಬೊಂಬೆಯಾದರೆ, 20 ಸೆಂಟಿಮೀಟರ್ ಬರುವ ಹತ್ತಂತಸ್ತಿನ ಕಟ್ಟಡ ಅದನ್ನು ನುಂಗಿಹಾಕುತ್ತದೆ. ದೊಡ್ಡ ಕಟ್ಟಡವನ್ನು ಕ್ಯಾಮೆರಾದ ಹತ್ತಿರಕ್ಕೆ ಎಳೆದು, ಬೊಂಬೆಯ ಹಿಂದೆ ಇನ್ನೂ ಚಿಕ್ಕವನ್ನು ನಿಲ್ಲಿಸಿ. ಒಂದೇ ಕಣ್ಣಿನ ಕ್ಯಾಮೆರಾಗೆ ದೂರ ಯಾವುದು, ಗಾತ್ರ ಯಾವುದು ತಿಳಿಯದು.

ಗುಟ್ಟು ಬಯಲಾಗುವುದು ಹೆಚ್ಚಾಗಿ ಮಸುಕಿನಿಂದ. ಬೀದಿಯಲ್ಲಿ ನಿಂತು ದೂರದ ಗೋಪುರದ ಫೋಟೋ ತೆಗೆದರೆ ಅದರ ಅಕ್ಕಪಕ್ಕವೆಲ್ಲ ಸ್ಪಷ್ಟ. ಅಂಗೈ ದೂರದಲ್ಲಿ ತೆಗೆದರೆ ಬೊಂಬೆಯ ಮೂಗು ಸ್ಪಷ್ಟ, ಬಾಲ ಮಸುಕು; ಮಿದುಳು ಕೂಡಲೇ 'ಇದು ಚಿಕ್ಕದು' ಎಂದುಬಿಡುತ್ತದೆ. ಇಲ್ಲಿ ದುಬಾರಿ ಕ್ಯಾಮೆರಾಗಿಂತ ಮೊಬೈಲೇ ವಾಸಿ: ಪುಟ್ಟ ಸಂವೇದಕ ಹೆಚ್ಚು ಆಳವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಮಸೂರವೂ ಕೆಳಗಿಳಿಯಬೇಕು. ಆ 15 ಸೆಂಟಿಮೀಟರ್ ರಾಕ್ಷಸನ ಊರಿನಲ್ಲಿ ಮನುಷ್ಯನ ಕಣ್ಣು ನೆಲದಿಂದ ಬರೀ ಅರ್ಧ ಸೆಂಟಿಮೀಟರ್ ಮೇಲಿರುತ್ತದೆ. ಮೊಬೈಲನ್ನು ತಲೆಕೆಳಗು ಮಾಡಿ, ಮಸೂರ ಮೇಜಿಗೆ ತಾಗುವಂತಿಟ್ಟು ಒಮ್ಮೆ ಕ್ಲಿಕ್ಕಿಸಿ ನೋಡಿ.