ಕೈಯಲ್ಲಿ ಜಿಪಿಎಸ್ ಇದ್ದರೆ ಸಾಕೇ?

ಮರುಭೂಮಿಯಲ್ಲಿ ಸೂರ್ಯ ಮುಳುಗಿದ ಮೇಲೆ ಕತ್ತಲು ಹೇಗಿರುತ್ತದೆ ಎಂಬುದನ್ನು ಗಲ್ಫ್‌ನಲ್ಲಿ ದುಡಿದು ಬಂದ ಯಾರನ್ನಾದರೂ ಕೇಳಿ ನೋಡಿ. ಅಲ್ಲಿ ಮರವಿಲ್ಲ, ಮನೆಯಿಲ್ಲ, ದಾರಿ ಕೇಳೋಣವೆಂದರೆ ಮನುಷ್ಯರಿಲ್ಲ. ಹಗಲಲ್ಲಿ ಸ್ಪಷ್ಟವಾಗಿ ಕಂಡ ಚಕ್ರದ ಗುರುತುಗಳು ಕತ್ತಲಲ್ಲಿ ಹತ್ತು ದಿಕ್ಕಿಗೆ ಕವಲೊಡೆಯುತ್ತವೆ.

ರಿಯಾದ್‌ನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಒಂದು ಶುಕ್ರವಾರ ಜುಮಾ ಮುಗಿಸಿ, ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ನಗರದ ಹೊರಗೆ ಹೊರಟ. ಊರಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಕೈಯಲ್ಲಿ ಹಿಡಿಯುವ ಹಳೆಯ ಜಿಪಿಎಸ್ ಸಾಧನವೊಂದನ್ನು ಅಗ್ಗಕ್ಕೆ ಕೊಂಡಿದ್ದ. ಅದರೊಳಗೆ ಜಿಯೋಕ್ಯಾಶಿಂಗ್ ಎಂಬ ಆಟದ ನೂರಾರು ಸ್ಥಳಗಳ ಪಟ್ಟಿಯಿತ್ತು. ಯಾರೋ ಬಚ್ಚಿಟ್ಟ ಡಬ್ಬಿಯೊಂದನ್ನು ಹುಡುಕಿ ಮಗಳನ್ನು ಖುಷಿಪಡಿಸಬೇಕೆಂಬುದು ಅವನ ಆಸೆಯಾಗಿತ್ತು.

ಡಾಂಬರು ರಸ್ತೆ ಬಿಟ್ಟು ಮಣ್ಣಿನ ಜಾಡಿಗೆ ಇಳಿಯುವಲ್ಲಿ, ಮರಳಿ ಬರಲು ಅನುಕೂಲವಾಗಲೆಂದು ಆ ಜಾಗವನ್ನು ಗುರುತು ಹಾಕಲು ಗುಂಡಿ ಒತ್ತಿದ. ಪರದೆಯ ಮೇಲೆ ಏನೋ ಸಂದೇಶ ಬಂತು. ಓದದೆ ‘ಓಕೆ’ ಒತ್ತಿ ಮುಂದೆ ಹೋದ. ಬಾಣದ ಗುರುತು ತೋರಿಸಿದ ಕಡೆಗೆ ಹೋಗಿ ಎಷ್ಟು ತಡಕಾಡಿದರೂ ಡಬ್ಬಿ ಸಿಗಲಿಲ್ಲ. ಅಷ್ಟರಲ್ಲಿ ಮಗ್ರಿಬ್ ಆಯಿತು. ಮರಳಿನ ಮೇಲೆಯೇ ನಮಾಝ್ ಮಾಡಿ ಹಿಂದಿರುಗಲು ನೋಡಿದರೆ, ತಾನು ಹಾಕಿದ ಗುರುತು ಸಾಧನದಲ್ಲಿಲ್ಲ! ಪರದೆ ಬಿಳಿ ಹಾಳೆಯಂತೆ ಖಾಲಿ. ನಡುವೆ ಒಂದು ಬಾಣ ಮಾತ್ರ. ಮೊಬೈಲಿಗೆ ಸಿಗ್ನಲ್ ಇಲ್ಲ. ಎರಡು ಗಂಟೆ ಅಲೆದ ಮೇಲೆ, ಒಂಟೆ ಕಾಯುವ ಸುಡಾನಿ ಸಹೋದರರೊಬ್ಬರು ದೂರದಿಂದ ಕಾರಿನ ದೀಪ ಕಂಡು ತಮ್ಮ ಪಿಕಪ್‌ನಲ್ಲಿ ಬಂದರು. ಹೆದ್ದಾರಿಯ ತನಕ ಮುಂದೆ ಹೋಗಿ ದಾರಿ ತೋರಿಸಿದರು. ಬಾಟಲಿಯಲ್ಲಿ ಆಗ ಉಳಿದಿದ್ದದ್ದು ಒಂದು ಲೋಟ ನೀರು. ಅಲ್‌ಹಮ್ದುಲಿಲ್ಲಾಹ್, ಎಲ್ಲರೂ ಕ್ಷೇಮವಾಗಿ ಮನೆ ಸೇರಿದರು.

“ಮಾಮ, ಯಂತ್ರವೇ ಕೈಕೊಟ್ಟಿತು” ಎಂದ ಫೋನಿನಲ್ಲಿ. ರಜೆಗೆ ಬರುವಾಗ ತೆಗೆದುಕೊಂಡು ಬಾ ಎಂದೆ. ತಂದ. ಕಂಪ್ಯೂಟರಿಗೆ ಜೋಡಿಸಿ ಇಬ್ಬರೂ ಕುಳಿತು ನೋಡಿದೆವು. ಅದರಲ್ಲಿದ್ದದ್ದು ಜರ್ಮನಿಯ ನಕ್ಷೆ. ಡಬ್ಬಿಗಳ ಪಟ್ಟಿ ನಾಲ್ಕು ವರ್ಷ ಹಳೆಯದು. ಗುರುತುಗಳ ಮಿತಿ ಒಂದು ಸಾವಿರ. ಆ ಸಾವಿರವೂ ಹಳೆಯ ಮಾಲಿಕನ ಗುರುತುಗಳಿಂದ ತುಂಬಿ ಹೋಗಿತ್ತು. ಅವನು ಓದದೆ ಬಿಟ್ಟ ಸಂದೇಶ, ಜಾಗವಿಲ್ಲ ಎಂಬುದೇ ಆಗಿತ್ತು. ಎಲ್ಲಕ್ಕಿಂತ ಸಂಕಟದ ಸಂಗತಿಯೆಂದರೆ, ಆ ದಿನ ಅವನ ಕಾರು ಹೋದ ಜಾಡು ಪೂರ್ತಿಯಾಗಿ ಅದರಲ್ಲಿ ದಾಖಲಾಗಿತ್ತು. ಅದನ್ನು ತೆರೆದಿದ್ದರೆ ಬಂದ ದಾರಿಯಲ್ಲೇ ಮರಳಬಹುದಿತ್ತು. ತೆರೆಯುವುದು ಅವನಿಗೆ ಗೊತ್ತಿರಲಿಲ್ಲ.

ಯಂತ್ರ ಕೈಕೊಟ್ಟಿರಲಿಲ್ಲ. ತನ್ನೊಳಗೆ ಏನಿತ್ತೋ ಅದನ್ನೇ ತೋರಿಸಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ಇದು ಎಂತಹ ಆಟ?

ಜಿಪಿಎಸ್ ಅಮೆರಿಕದ ಉಪಗ್ರಹ ವ್ಯವಸ್ಥೆ. ಮೊದಲು ಜನಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸಲಾಗುತ್ತಿತ್ತು. ನಿಂತ ಜಾಗಕ್ಕೂ ಯಂತ್ರ ತೋರಿಸುವ ಜಾಗಕ್ಕೂ 100 ಮೀಟರ್‌ವರೆಗೆ ವ್ಯತ್ಯಾಸವಿರುತ್ತಿತ್ತು. 2000ದ ಮೇ 2ರಂದು ಅಮೆರಿಕ ಸರಕಾರ ಆ ತಪ್ಪನ್ನು ತೆಗೆದು ಹಾಕಿತು. ಮರುದಿನವೇ ಒರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಇದನ್ನು ಪರೀಕ್ಷಿಸಲು ಬೀವರ್‌ಕ್ರೀಕ್ ಎಂಬಲ್ಲಿನ ಕಾಡಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಅಡಗಿಸಿಟ್ಟರು. ಅದರಲ್ಲಿ ಒಂದು ಪುಸ್ತಕ, ಪೆನ್ಸಿಲ್ ಮತ್ತು ಕೆಲವು ಸಣ್ಣಪುಟ್ಟ ಸಾಮಾನುಗಳಿದ್ದವು. ಅದರ ಅಕ್ಷಾಂಶ, ರೇಖಾಂಶಗಳನ್ನು ಇಂಟರ್ನೆಟ್ ಮೂಲಕ ಪ್ರಕಟಿಸಿದರು. ಮೂರೇ ದಿನಗಳಲ್ಲಿ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ವರ್ಷ ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು. ಇಂದು ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ, ಬಚ್ಚಿಟ್ಟ ವಸ್ತು. ಡಬ್ಬಿ ಸಿಕ್ಕಿದವರು ಅದರಲ್ಲಿರುವ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಒಳಗಿನ ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಇಡಬೇಕು. ಆಹಾರ, ಮದ್ಯ, ಆಯುಧ ಇಡುವಂತಿಲ್ಲ. ಜಾಗದ ಯಜಮಾನನ ಅನುಮತಿಯಿಲ್ಲದೆ ಇಡುವಂತಿಲ್ಲ. ಪಂದ್ಯದ ಹಣವಿಲ್ಲ, ಜೂಜಿಲ್ಲ. ನಮಾಝಿನ ಸಮಯ ತಪ್ಪದಂತೆ, ಪರರ ಜಮೀನಿಗೆ ನುಗ್ಗದಂತೆ ನೋಡಿಕೊಂಡರೆ ಮಕ್ಕಳನ್ನು ಟಿ.ವಿ. ಎದುರಿನಿಂದ ಎಬ್ಬಿಸಿ ಬಯಲಿಗೆ ಕರೆದೊಯ್ಯುವ ಒಳ್ಳೆಯ ಹವ್ಯಾಸವಿದು.

ಜಿಪಿಎಸ್ ಬೇರೆ, ನಕ್ಷೆ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನೂ ತಾವಿರುವ ಜಾಗವನ್ನೂ ನಿರಂತರವಾಗಿ ಸಾರುತ್ತಿರುತ್ತವೆ. ನಿಮ್ಮ ಕೈಯಲ್ಲಿರುವ ಸಾಧನ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಂಡು, ಲೆಕ್ಕ ಹಾಕಿ, ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಅದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ, ಬಾಡಿಗೆಯೂ ಇಲ್ಲ. ಆದರೆ ಉಪಗ್ರಹ ನಕ್ಷೆಯನ್ನು ಕಳುಹಿಸುವುದಿಲ್ಲ. ರಸ್ತೆ, ಗುಡ್ಡ, ಕಣಿವೆಗಳೆಲ್ಲ ಸಾಧನದೊಳಗೆ ಮೊದಲೇ ತುಂಬಿಸಿಟ್ಟ ಫೈಲ್‌ನಿಂದ ಬರಬೇಕು. ರಿಯಾದ್‌ನಲ್ಲಿ ನಿಂತವನ ಕೈಯಲ್ಲಿ ಜರ್ಮನಿಯ ನಕ್ಷೆಯಿದ್ದರೆ ಪರದೆ ಖಾಲಿಯಾಗಿ ಕಾಣದೆ ಇನ್ನೇನು ಕಂಡೀತು?

ಈ ರೀತಿಯ ಸಾಧನಗಳಲ್ಲಿ ಬಹಳ ಬಳಕೆಯಲ್ಲಿರುವುದು ಗಾರ್ಮಿನ್ ಕಂಪೆನಿಯವು. ಕಂಪ್ಯೂಟರಿಗೆ ಜೋಡಿಸಿದರೆ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುವ ಅವುಗಳಲ್ಲಿ ‘ಗಾರ್ಮಿನ್’ ಎಂಬ ಹೆಸರಿನ ಫೋಲ್ಡರ್ ಇರುತ್ತದೆ. ನಕ್ಷೆಯ ಫೈಲ್ ಅದರಲ್ಲಿರಬೇಕು. ನಕ್ಷೆಯ ಫೈಲಿನ ಹೆಸರು ‘ಐಎಂಜಿ’ ಎಂದು ಕೊನೆಗೊಳ್ಳುತ್ತದೆ. ಹಳೆಯ ಮಾದರಿಗಳು ‘ಜಿಮ್ಯಾಪ್‌ಸಪ್’ ಎಂಬ ಒಂದೇ ನಿಗದಿತ ಹೆಸರಿನ ನಕ್ಷೆಯನ್ನು ಮಾತ್ರ ಗುರುತಿಸುತ್ತವೆ. ಹೊಸದನ್ನು ಅದೇ ಹೆಸರಿನಲ್ಲಿ ಹಾಕಿದರೆ ಹಳೆಯದು ಅಳಿಸಿ ಹೋಗುತ್ತದೆ. ಆದ್ದರಿಂದ ಮೊದಲು ಹಳೆಯ ಫೈಲನ್ನು ಕಂಪ್ಯೂಟರಿನಲ್ಲಿ ಒಂದು ಕಡೆ ನಕಲು ಮಾಡಿಟ್ಟುಕೊಳ್ಳಿ. ನಂತರದ ಮಾದರಿಗಳಲ್ಲಿ ಬೇರೆ ಬೇರೆ ಹೆಸರಿನ ಹಲವು ನಕ್ಷೆಗಳನ್ನು ಒಟ್ಟಿಗೆ ಇಡಬಹುದು. ‘ರಿಯಾದ್’, ‘ಒಮಾನ್’ ಎಂದು ಅರ್ಥವಾಗುವ ಹೆಸರು ಕೊಟ್ಟರೆ ಗೊಂದಲವಿಲ್ಲ.

ಒಂದೇ ಪ್ರದೇಶದ ಎರಡು ನಕ್ಷೆಗಳನ್ನು ಒಮ್ಮೆಗೇ ಚಾಲೂ ಮಾಡಿದರೆ ಒಂದು ಇನ್ನೊಂದನ್ನು ಮುಚ್ಚಿ ಬಿಡಬಹುದು. ಸೆಟಪ್‌ನಲ್ಲಿ ನಕ್ಷೆಯ ವಿಭಾಗಕ್ಕೆ ಹೋಗಿ ಆ ದಿನಕ್ಕೆ ಬೇಕಾದುದನ್ನು ಮಾತ್ರ ಇಟ್ಟು ಉಳಿದುದನ್ನು ಆಫ್ ಮಾಡಿ. ನಕ್ಷೆಗೆ ದುಡ್ಡು ಕೊಡಲಾಗದಿದ್ದರೂ ಚಿಂತೆಯಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಯೋಜನೆಯಲ್ಲಿ ಜಗತ್ತಿನ ಸ್ವಯಂಸೇವಕರು ಸೇರಿ ನಕ್ಷೆ ರಚಿಸುತ್ತಾರೆ. ಅದರ ಆಧಾರದಲ್ಲಿ ಗಾರ್ಮಿನ್‌ಗೆ ಹೊಂದುವ ನಕ್ಷೆಗಳು ಉಚಿತವಾಗಿ ಸಿಗುತ್ತವೆ.

ಡಬ್ಬಿಗಳ ಪಟ್ಟಿ ಹಳಸುತ್ತದೆ

ಡಬ್ಬಿಗಳ ವಿವರ ‘ಜಿಪಿಎಕ್ಸ್’ ಎಂಬ ಫೈಲ್‌ನಲ್ಲಿ ಬರುತ್ತದೆ. ಸ್ಥಳದ ಸಂಖ್ಯೆ, ಒಂದರಿಂದ ಐದರವರೆಗಿನ ಕಷ್ಟದ ಅಂಕ, ಸುಳಿವು, ಹಿಂದೆ ಹುಡುಕಿದ ಕೆಲವರ ಟಿಪ್ಪಣಿ ಇವೆಲ್ಲ ಅದರಲ್ಲಿರುತ್ತವೆ. ಗಾರ್ಮಿನ್ ಫೋಲ್ಡರಿನ ಒಳಗಿರುವ ‘ಜಿಪಿಎಕ್ಸ್’ ಫೋಲ್ಡರಿಗೆ ಅದನ್ನು ನಕಲು ಮಾಡಿದರೆ ಸಾಕು. ಹಣ ಕಟ್ಟಿದ ಸದಸ್ಯರು ಒಂದು ಫೈಲ್‌ನಲ್ಲಿ ಗರಿಷ್ಠ 1000 ಡಬ್ಬಿಗಳ ವಿವರ ಪಡೆಯಬಹುದು. ಸಿಗುತ್ತದೆಂದು ಎಲ್ಲವನ್ನೂ ತುಂಬಿಸಬೇಡಿ. 2000ದಲ್ಲಿ ಬಂದ ಹಳದಿ ಬಣ್ಣದ ಇಟ್ರೆಕ್ಸ್‌ನಲ್ಲಿ ಒಟ್ಟು 500 ಗುರುತುಗಳಿಗಷ್ಟೇ ಜಾಗವಿತ್ತು. ಮಿತಿ ಪ್ರತಿ ಮಾದರಿಗೂ ಬೇರೆ. ನಿಮ್ಮ ಸಾಧನದ ಮಿತಿ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿ, ಕಾಲು ಭಾಗವನ್ನಾದರೂ ಖಾಲಿ ಬಿಡಿ. ದಾರಿ ತಪ್ಪಿದಾಗ ಹಾಕಬೇಕಾದ ಗುರುತಿಗೆ ಜಾಗ ಬೇಡವೇ?

ಈ ಫೈಲ್ ಹಳೆಯ ಪತ್ರಿಕೆಯಿದ್ದ ಹಾಗೆ. ಇಳಿಸಿಕೊಂಡ ದಿನ ಏನಿತ್ತೋ ಅದನ್ನು ಹೇಳುತ್ತದೆ. ನಂತರ ಡಬ್ಬಿ ಕಳೆದು ಹೋಗಿರಬಹುದು, ಯಜಮಾನರು ತೆಗೆದಿರಬಹುದು, ಆ ಜಾಗಕ್ಕೆ ಬೇಲಿ ಬಿದ್ದಿರಬಹುದು. ಫೈಲ್‌ಗೆ ಅದು ತಿಳಿಯದು. ಹೊರಡುವ ವಾರವೇ ಹೊಸದನ್ನು ಇಳಿಸಿಕೊಂಡು ಹಳೆಯದನ್ನು ಅಳಿಸಿ. ಕೊನೆಯ ಮೂರು ನಾಲ್ಕು ಟಿಪ್ಪಣಿಗಳಲ್ಲಿ ‘ಸಿಗಲಿಲ್ಲ’ ಎಂದಿದ್ದರೆ ಅಲ್ಲಿಗೆ ಹೋಗುವ ಯೋಚನೆ ಬಿಟ್ಟು ಬಿಡಿ. ಇತ್ತೀಚೆಗೆ ಹೆಚ್ಚಿನವರು ಮೊಬೈಲ್ ಆ್ಯಪ್‌ನಲ್ಲೇ ಈ ಆಟ ಆಡುತ್ತಾರೆ. ಸಿಗ್ನಲ್ ಇಲ್ಲದ ಕಡೆಗೆ ಹೋಗುವಾಗ ಅವರಿಗೂ ಇದೇ ಮಾತು ಅನ್ವಯ. ನಕ್ಷೆಯನ್ನೂ ಪಟ್ಟಿಯನ್ನೂ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಒಂದು ಚುಕ್ಕಿ, ಹತ್ತೊಂಬತ್ತು ಕಿಲೋಮೀಟರ್

ಸ್ಥಳದ ಸಂಖ್ಯೆಯನ್ನು ಮೂರು ರೀತಿಯಲ್ಲಿ ಬರೆಯುವ ರೂಢಿಯಿದೆ. ನಾವು ದಿನಕ್ಕೆ ಐದು ಬಾರಿ ಮುಖ ಮಾಡುವ ಪವಿತ್ರ ಕಅಬಾದ ಉದಾಹರಣೆಯನ್ನೇ ನೋಡಿ. ಅದರ ಉತ್ತರ ಅಕ್ಷಾಂಶ ದಶಮಾಂಶದಲ್ಲಿ 21.4225 ಡಿಗ್ರಿ. ಜಿಯೋಕ್ಯಾಶಿಂಗ್‌ನ ರೂಢಿಯಲ್ಲಿ ಅದೇ 21 ಡಿಗ್ರಿ 25.350 ನಿಮಿಷ. ಹಳೆಯ ಕ್ರಮದಲ್ಲಿ 21 ಡಿಗ್ರಿ 25 ನಿಮಿಷ 21 ಸೆಕೆಂಡ್. ಮೂರೂ ಒಂದೇ ಜಾಗ. ಆದರೆ 21 ಡಿಗ್ರಿ 25.350 ನಿಮಿಷ ಎಂಬುದನ್ನು ಅವಸರದಲ್ಲಿ 21.25350 ಡಿಗ್ರಿ ಎಂದು ಹಾಕಿದರೆ, ಅಕ್ಷಾಂಶವೊಂದರಲ್ಲೇ ಸುಮಾರು 19 ಕಿಲೋಮೀಟರ್ ದಕ್ಷಿಣಕ್ಕೆ ಸರಿದಿರುತ್ತೀರಿ! ಫೈಲ್ ಹಾಕುವಾಗ ಈ ಭಯವಿಲ್ಲ. ಕೈಯಿಂದ ಸಂಖ್ಯೆ ತುಂಬುವಾಗ ಸೆಟಪ್‌ನಲ್ಲಿ ಯಾವ ಕ್ರಮವಿದೆ ಎಂದು ಮೊದಲು ನೋಡಿ. ಹಾಗೆಯೇ ‘ಡೇಟಮ್’ ಎಂಬಲ್ಲಿ ‘ಡಬ್ಲ್ಯುಜಿಎಸ್ 84’ ಎಂದಿರಲಿ. ಅದು ಬೇರೆಯಾದರೆ ನೂರಾರು ಮೀಟರ್ ವ್ಯತ್ಯಾಸ ಬರಬಹುದು.

ಸ್ಥಳದ ಲೆಕ್ಕ ನಮಗೇನೂ ಹೊಸತಲ್ಲ. ನಕ್ಷತ್ರಗಳ ಸಹಾಯದಿಂದ ನೆಲ ಜಲದ ಕತ್ತಲಲ್ಲಿ ದಾರಿ ಕಂಡುಕೊಳ್ಳುವ ಅನುಗ್ರಹವನ್ನು ಪವಿತ್ರ ಕುರ್‌ಆನ್ ಸೂರಃ ಅಲ್ ಅನ್‌ಆಮ್‌ನಲ್ಲಿ ನೆನಪಿಸುತ್ತದೆ. ಗಝ್ನಿ ನಗರದ ಕಿಬ್ಲಾ ಯಾವ ಕಡೆಗಿದೆ ಎಂಬುದನ್ನು ನಿಖರವಾಗಿ ಕಂಡುಹಿಡಿಯಲು ವಿದ್ವಾಂಸ ಅಲ್ ಬಿರೂನಿ ನಗರಗಳ ಅಕ್ಷಾಂಶ, ರೇಖಾಂಶಗಳ ಕುರಿತೇ ಒಂದು ಗ್ರಂಥ ಬರೆದರು. ಅದು ಪೂರ್ಣಗೊಂಡದ್ದು 1025ರಲ್ಲಿ. ಉಪಗ್ರಹವಿಲ್ಲದ ಕಾಲದಲ್ಲಿ ಅವರು ಬೇರೆಯವರು ಕೊಟ್ಟ ಸಂಖ್ಯೆಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ ಪರೀಕ್ಷಿಸುತ್ತಿದ್ದರು. ನಮ್ಮ ಕೈಯಲ್ಲಿ ಉಪಗ್ರಹವೇ ಇದೆ, ಪರೀಕ್ಷಿಸುವ ತಾಳ್ಮೆಯಿಲ್ಲ.

ಹೊರಡುವ ಮುನ್ನ

ಹಳೆಯ ಸಾಧನ ಕೊಂಡರೆ ಮೊದಲು ಹಿಂದಿನವರ ಗುರುತು, ಪಟ್ಟಿ, ಜಾಡು ಎಲ್ಲವನ್ನೂ ಅಳಿಸಿ. ಹೋಗುವ ಪ್ರದೇಶದ ನಕ್ಷೆ ಕಾಣುತ್ತದೆಯೇ ಎಂದು ಮನೆಯಲ್ಲೇ ಪರದೆಯನ್ನು ಸರಿಸಿ ನೋಡಿ. ಕಂಪ್ಯೂಟರಿನಿಂದ ಬಿಡಿಸುವಾಗ ನೇರವಾಗಿ ತಂತಿ ಎಳೆಯದೆ ‘ಇಜೆಕ್ಟ್’ ಕೊಟ್ಟು ತೆಗೆಯಿರಿ, ಇಲ್ಲದಿದ್ದರೆ ಫೈಲ್ ಕೆಡಬಹುದು. ವಾಹನ ನಿಲ್ಲಿಸಿದ ಜಾಗವನ್ನು ಗುರುತು ಹಾಕಿ, ಅದು ಉಳಿಯಿತೇ ಎಂದು ಪಟ್ಟಿ ತೆರೆದು ಖಚಿತಪಡಿಸಿಕೊಳ್ಳಿ. ಜಾಡು ದಾಖಲಾಗುವುದನ್ನು ಆನ್ ಮಾಡಿ. ಬಂದ ಜಾಡಿನಲ್ಲೇ ಮರಳುವ ಸೌಲಭ್ಯವನ್ನು ಮನೆಯ ಸುತ್ತ ಒಮ್ಮೆ ನಡೆದು ಅಭ್ಯಾಸ ಮಾಡಿ. ಹೆಂಡತಿಗೂ ದೊಡ್ಡ ಮಕ್ಕಳಿಗೂ ಅದನ್ನು ಕಲಿಸಿ. ಹೆಚ್ಚುವರಿ ಬ್ಯಾಟರಿ, ಧಾರಾಳ ನೀರು ಇರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿ.

ಗಲ್ಫ್‌ನಿಂದ ಊರಿಗೆ ಬರುವವರಿಗೆ ಇನ್ನೊಂದು ಮಾತು. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಗಳೂ ನೋಡಲು ಹೀಗೆಯೇ ಇರುತ್ತವೆ. ಅವನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವುದು ಕಾನೂನಿಗೆ ವಿರುದ್ಧ. ನಿಮ್ಮದು ಸಂಕೇತವನ್ನು ಸ್ವೀಕರಿಸುವಂಥದ್ದೋ, ಕಳುಹಿಸುವಂಥದ್ದೋ ಎಂದು ಕೊಳ್ಳುವಾಗಲೇ ತಿಳಿದುಕೊಳ್ಳಿ.

ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಕಟ್ಟಿ ಆಮೇಲೆ ಭರವಸೆಯಿಡುವಂತೆ ಪ್ರವಾದಿ(ಸ)ರು ಕಲಿಸಿದ್ದು ನಮಗೆಲ್ಲ ತಿಳಿದಿದೆ. ನಮ್ಮಲ್ಲಿ ಅನೇಕರು ಇಂದು ಒಂಟೆಯನ್ನೂ ಕಟ್ಟುವುದಿಲ್ಲ, ಭರವಸೆಯನ್ನೂ ಅಲ್ಲಾಹನ ಮೇಲಿಡುವುದಿಲ್ಲ. ಅದನ್ನು ಯಂತ್ರದ ಮೇಲಿಡುತ್ತೇವೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟವನಿಗೆ ಅವರ ಜೀವ ಅಮಾನತ್ತು. ಮನೆಯಲ್ಲಿ ಕುಳಿತು ನಕ್ಷೆ, ಫೈಲ್‌ಗಳನ್ನು ಸರಿಪಡಿಸಲು ಬೇಕಾಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯೇ ಒಂಟೆ ಕಟ್ಟುವ ಹಗ್ಗ.

ತಂಗಿಯ ಮಗ ಆ ಸಾಧನವನ್ನು ಎಸೆಯಲಿಲ್ಲ. ರಜೆ ಮುಗಿಸಿ ಹೊರಡುವ ಮುನ್ನ ಸಾವಿರ ಗುರುತುಗಳನ್ನೂ ಅಳಿಸಿ, ರಿಯಾದ್ ಪ್ರದೇಶದ ನಕ್ಷೆ ಹಾಕಿಕೊಂಡ. ಅದರಲ್ಲಿ ಅವನು ಮೊದಲು ಹಾಕಿದ ಗುರುತು ತನ್ನ ಮನೆಯದು. ಮಗಳ ಕೈಗೆ ಅದನ್ನು ಕೊಟ್ಟು, ಮನೆಗೆ ಹೋಗುವ ಬಾಣ ಯಾವುದೆಂದು ಅವಳಿಂದಲೇ ಹೇಳಿಸುತ್ತಾನಂತೆ.